ಹಳೆಯ ಸ್ಲಾಟ್ ಕಾರಿನ ಹಿತ್ತಾಳೆ ಚಾಸಿ: ಹಿಂದಿನ ಆಕ್ಸಲ್ ಬಳಿಯ ಬೆಸುಗೆ ಪದೇ ಪದೇ ಬಿಡುತ್ತಿದೆ

ಪ್ರಶ್ನೆ — ನಾಲ್ಕನೇ ತಿರುವು

ಎಲ್ಲರಿಗೂ ನಮಸ್ಕಾರ. 1/24 ಅಳತೆಯ ಒಂದು ಹಳೆಯ ಸ್ಲಾಟ್ ಕಾರಿನ (ಹಾದಿಯ ಸೀಳಿನ ಗುಂಟ ವಿದ್ಯುತ್ತಿನಿಂದ ಓಡುವ ಆಟದ ಕಾರಿನ) ಚಾಸಿ, ಅಂದರೆ ಅಡಿಚೌಕಟ್ಟು, ನನ್ನ ಕೈಗೆ ಬಂದು ಕೆಲವು ತಿಂಗಳಾಯಿತು. ಇದು ಕಾರ್ಖಾನೆಯಿಂದ ಬಂದ ಮಾಲಲ್ಲ. 1960ರ ದಶಕದ ನಡುವಿನ ವರ್ಷಗಳಲ್ಲಿ ಯಾರೋ ಮೇಜಿನ ಮುಂದೆ ಕುಳಿತು ಮಾಡಿದ ಕೈಕೆಲಸವೆಂಬುದು ನೋಡಿದೊಡನೆ ತಿಳಿಯುತ್ತದೆ. ಎಡಬಲಗಳಲ್ಲಿ 3/32 ಅಂಗುಲದ ಹಿತ್ತಾಳೆ ಕೊಳವೆಗಳು ಜೋಡಿಯಾಗಿ ಹಿಂದಿನಿಂದ ಮುಂದಕ್ಕೆ ಸಾಗುತ್ತವೆ. ನಡುವೆ ಮಬುಚಿ ಎಫ್‌ಟಿ-16ಡಿ ಮೋಟಾರು ಉದ್ದುದ್ದವಾಗಿ ಕುಳಿತಿದ್ದು, ಅದರ ತುದಿಯ ಸಣ್ಣ ಗೇರು, ಅಂದರೆ ಪಿನಿಯನ್, ಹಿಂದಿನ ಆಕ್ಸಲ್‌ನ ಕ್ರೌನ್ ಗೇರನ್ನು ತಿರುಗಿಸುತ್ತದೆ. ಮುಂಭಾಗದಲ್ಲಿ ಹಾದಿಯ ಸೀಳಿನಲ್ಲಿ ಇಳಿದು ಓಡುವ ಗೈಡನ್ನು ಹೊತ್ತ, ಮೇಲೆ ಕೆಳಗೆ ಆಡುವ ತೋಳು, ಅಂದರೆ ಡ್ರಾಪ್ ಆರ್ಮ್ ಇದೆ. 1/8 ಅಂಗುಲದ ಆಕ್ಸಲ್‌ಗೆ ಪ್ರತ್ಯೇಕ ಬೇರಿಂಗ್ ಇಲ್ಲ. 5/32 ಅಂಗುಲದ ಹಿತ್ತಾಳೆ ಕೊಳವೆಯ ಎರಡು ಗಿಡ್ಡ ತುಂಡುಗಳೇ ಆ ಕೆಲಸವನ್ನು ಮಾಡುತ್ತಿವೆ.

ತೊಂದರೆ ಇರುವುದು ಅಲ್ಲಿಯೇ. ಬಲಬದಿಯ ಆಕ್ಸಲ್ ಕೊಳವೆಯನ್ನು ಚಾಸಿಗೆ ಹಿಡಿದಿರುವ ಬೆಸುಗೆಯು ಎರಡು ಮೂರು ದಿನ ಕಾರನ್ನು ಓಡಿಸುವಷ್ಟರಲ್ಲಿ ಬಿರುಕು ಬಿಡುತ್ತದೆ. ಈವರೆಗೆ ಮೂರು ಬಾರಿ ಅದೇ ಜಾಗಕ್ಕೆ ಮತ್ತೆ ಬೆಸುಗೆ ಹಾಕಿದ್ದೇನೆ, ಪ್ರತಿ ಸಲವೂ ಮೊದಲಿಗಿಂತ ದೊಡ್ಡ ಗುಡ್ಡೆಯನ್ನೇ ಮಾಡಿದ್ದೇನೆ, ಆದರೂ ಫಲವಿಲ್ಲ. ತಿರುವಿನಿಂದ ಹೊರಬಂದು ವೇಗ ಹೆಚ್ಚಿಸಿದಾಗ ಕಾರಿನ ಹಿಂಭಾಗವು ಕಪ್ಪೆಯಂತೆ ಕುಪ್ಪಳಿಸುತ್ತದೆ. ಕ್ರೌನ್ ಗೇರಿನ ಹಲ್ಲುಗಳೂ ಒಂದೇ ಪಕ್ಕಕ್ಕೆ ಸವೆಯುತ್ತಿವೆ. ಚಾಸಿ ಸಡಿಲವಾಗಿರುವುದೇ ಕಾರಣವಿರಬೇಕೆಂದು ಬಗೆದು, ಕೊಳವೆಗಳ ಅಡಿಯಲ್ಲಿ ಉದ್ದಕ್ಕೂ ದಪ್ಪನೆಯ ಹಿತ್ತಾಳೆ ತಗಡೊಂದನ್ನು ಬೆಸೆದೆ. ಕಾರು ಭಾರವಾಯಿತೇ ಹೊರತು ಕುಪ್ಪಳಿಸುವುದು ನಿಲ್ಲಲಿಲ್ಲ.

ನಾನು ಕೇಳಬಯಸುವುದು ಇಷ್ಟು. ಇಂಥ ಚಾಸಿಯನ್ನು ಎಲ್ಲಿ ಬಲಪಡಿಸಬೇಕು ಮತ್ತು ಎಲ್ಲಿ ಮುಟ್ಟದೆ ಬಿಡಬೇಕು? ಬಲಪಡಿಸಲು ಹಿತ್ತಾಳೆಯೇ ಸರಿಯೋ, ಪಿಯಾನೋ ತಂತಿಯೋ (ಚಿಮ್ಮುಗುಣದ ಗಡುಸು ಉಕ್ಕಿನ ತಂತಿಯೋ)? ಮೂಲ ಕೈಕೆಲಸ ಆದಷ್ಟು ಕಣ್ಣಿಗೆ ಕಾಣುವಂತೆ ಉಳಿಯಬೇಕೆಂಬ ಆಸೆಯೂ ನನಗಿದೆ.

ಉತ್ತರ — ತವರದ ಹನಿ

ನಿಮ್ಮ ವಿವರಣೆ ಸ್ಪಷ್ಟವಾಗಿರುವುದರಿಂದ ಊಹೆಯಿಂದ ಹೇಳಬೇಕಾದದ್ದು ಕಡಿಮೆ. ಕ್ರೌನ್ ಗೇರು ಪಿನಿಯನ್ನಿನ ಬಲಕ್ಕೆ ಇರಬೇಕೆಂದು ಭಾವಿಸುತ್ತೇನೆ. ಹಾಗಿದ್ದರೆ ಬಲಬದಿಯ ಕೀಲೇ ಯಾವಾಗಲೂ ಬಿಡುವುದು ಆಕಸ್ಮಿಕವಲ್ಲ. ಹಲ್ಲುಗಳ ಓರೆ ಮೈಯಿಂದಾಗಿ ಪಿನಿಯನ್ನು ಕ್ರೌನ್ ಗೇರನ್ನು ತಿರುಗಿಸುವುದರ ಜೊತೆಗೆ ತನ್ನಿಂದ ಆಚೆಗೆ ತಳ್ಳುತ್ತದೆ. ಆ ತಳ್ಳುವಿಕೆ ಗೇರಿನ ಗುಬುಟಿನ ಮೂಲಕ ಬಲಗಡೆಯ ಆಕ್ಸಲ್ ಕೊಳವೆಯ ಒಳಮುಖಕ್ಕೆ ಬಂದು ಒತ್ತುತ್ತದೆ. ನೀವು ವೇಗ ಹೆಚ್ಚಿಸಿದಾಗಲೆಲ್ಲ ಆ ಕೊಳವೆಯನ್ನು ಹೊರಕ್ಕೆ ಸುಲಿಯುವ ಪ್ರಯತ್ನ ನಡೆಯುತ್ತದೆ. ಸುಲಿತವನ್ನು ಬೆಸುಗೆ ತಾಳಿಕೊಳ್ಳುವುದಿಲ್ಲ.

ಬೆಸುಗೆಯ ಲೋಹ ಎಂದರೆ ತವರ ಮತ್ತು ಸೀಸದ ಮಿಶ್ರಣ. ಹಿತ್ತಾಳೆಯ ಮುಂದೆ ಅದರ ಬಲ ಹಲವು ಪಟ್ಟು ಕಡಿಮೆ. ಎರಡು ಲೋಹಗಳ ನಡುವಿನ ಕೂದಲೆಳೆಯಷ್ಟು ಸಂದಿನಲ್ಲಿ ತೆಳ್ಳಗೆ ಹರಡಿ, ಅಗಲವಾದ ಮೈಯನ್ನು ಹಿಡಿದಿದ್ದಾಗ ಅದು ಚೆನ್ನಾಗಿ ದುಡಿಯುತ್ತದೆ. ಗುಡ್ಡೆಯಾಗಿ ನಿಂತಾಗ ಅದರ ಮೇಲೆ ಭರವಸೆ ಇಡುವಂತಿಲ್ಲ. ಆದ್ದರಿಂದ ನೀವು ಪ್ರತಿ ಸಲ ದೊಡ್ಡದು ಮಾಡಿದ ಗುಡ್ಡೆ ಯಾವ ಉಪಕಾರವನ್ನೂ ಮಾಡಿಲ್ಲ. ಮೂರು ಸಲದ ಹಳೆಯ ಬೆಸುಗೆಯನ್ನು ತಾಮ್ರದ ಹೆಣೆದ ಬತ್ತಿಯಿಂದ ಪೂರ್ತಿಯಾಗಿ ಹೀರಿಸಿ ತೆಗೆಯಿರಿ, ಆ ಜಾಗವನ್ನು ಹಳದಿ ಹೊಳಪು ಬರುವವರೆಗೆ ಉಪ್ಪುಕಾಗದದಿಂದ ಉಜ್ಜಿರಿ, ಆಮೇಲೆಯೇ ಮುಂದಿನ ಕೆಲಸ. ಹಳೆಯ ಬಿರುಕಿನೊಳಗೆ ಎಣ್ಣೆ ಮತ್ತು ಕಿಲುಬು ಸೇರಿರುತ್ತವೆ. ಅದರ ಮೇಲೆ ಹೊಸ ಲೋಹವನ್ನು ಕರಗಿಸಿ ಸುರಿದರೆ ಮೇಲ್ನೋಟಕ್ಕೆ ಮುಚ್ಚಿದಂತೆ ಕಂಡರೂ ಒಳಗೆ ಬಿರುಕು ಹಾಗೆಯೇ ಉಳಿದಿರುತ್ತದೆ.

ಅನಂತರ ಕೀಲನ್ನು ಕಟ್ಟಬೇಕು. ಇಲ್ಲಿ ಕಟ್ಟುವುದು ಎಂಬ ಮಾತನ್ನು ಅಕ್ಷರಶಃ ತೆಗೆದುಕೊಳ್ಳಿ. ಅರ್ಧ ಮಿಲಿಮೀಟರ್ ದಪ್ಪದ ಬರಿಯ ತಾಮ್ರದ ತಂತಿಯನ್ನು ಆಕ್ಸಲ್ ಕೊಳವೆ ಮತ್ತು ಅದರ ಆಧಾರವನ್ನು ಸೇರಿಸಿ ಐದಾರು ಸುತ್ತು ಒತ್ತೊತ್ತಾಗಿ ಸುತ್ತಿ, ಇಕ್ಕಳದಿಂದ ತುದಿಗಳನ್ನು ತಿರುಚಿ ಬಿಗಿ ಮಾಡಿ, ಆ ಸುತ್ತುಗಳೊಳಗೆ ಬೆಸುಗೆ ಇಂಗುವಂತೆ ಕಾಯಿಸಬೇಕು. ಆಗ ಎಳೆತವನ್ನು ತಾಮ್ರ ಹೊರುತ್ತದೆ, ಬೆಸುಗೆಯು ತಂತಿಯನ್ನು ಜಾರದಂತೆ ಹಿಡಿಯುವ ಕೆಲಸವನ್ನಷ್ಟೇ ಮಾಡುತ್ತದೆ. 1960ರ ದಶಕದ ಅನೇಕ ಕೈಕೆಲಸದ ಚಾಸಿಗಳಲ್ಲಿ ಇಂಥ ಸುತ್ತುಗಳು ಕಾಣಸಿಗುತ್ತವೆಯಾದ್ದರಿಂದ ನಿಮ್ಮ ಚಾಸಿಯ ಕಾಲಕ್ಕೂ ಇದು ಒಪ್ಪುತ್ತದೆ.

ಕಾವಿನ ವಿಷಯ. ಎಲೆಕ್ಟ್ರಾನಿಕ್ಸ್ ಕೆಲಸದ 25 ವ್ಯಾಟಿನ ಐರನ್ನಿನಿಂದ ಈ ಕೆಲಸ ಮಾಡುತ್ತಿದ್ದರೆ ನಿಮ್ಮ ಕೀಲುಗಳೆಲ್ಲ ಡ್ರೈ ಸೋಲ್ಡರ್, ಅಂದರೆ ಕಾವು ಸಾಲದೆ ಲೋಹಕ್ಕೆ ಹಿಡಿಯದ ಬೆಸುಗೆ, ಆಗಿರುವ ಸಾಧ್ಯತೆ ಹೆಚ್ಚು. ಹಿತ್ತಾಳೆ ಕಾವನ್ನು ಬೇಗ ಹರಡಿಬಿಡುತ್ತದೆ. ಅದರಲ್ಲಿಯೂ ಅಡಿಗೆ ನೀವು ಬೆಸೆದ ತಗಡು ಕಾವನ್ನೆಲ್ಲ ಕುಡಿಯುತ್ತದೆ. 60ರಿಂದ 100 ವ್ಯಾಟಿನ, ಅಗಲ ಮೂತಿಯ ಐರನ್ ಬಳಸಿ, ಕಡಿಮೆ ಹೊತ್ತು ಒತ್ತಿ ಹಿಡಿಯುವುದೇ ಕ್ಷೇಮ. ಬೆಸುಗೆ ತಂತಿಯನ್ನು ಐರನ್ನಿಗೆ ತಾಗಿಸದೆ ಲೋಹಕ್ಕೆ ತಾಗಿಸಿದಾಗ ಅದು ಕರಗಿ ಸಂದಿಗೆ ತಾನಾಗಿ ಎಳೆದುಕೊಂಡರೆ ಕಾವು ಸಾಕಾಗಿದೆ ಎಂದು ಅರ್ಥ.

ಇನ್ನೊಂದು ಉಪಾಯವೂ ಉಂಟು. ತವರ 63, ಸೀಸ 37 ಭಾಗದ ಮಿಶ್ರಣ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ತವರಕ್ಕೆ ಸ್ವಲ್ಪ ಬೆಳ್ಳಿ ಸೇರಿಸಿದ ಮಿಶ್ರಣ ಕರಗಲು ಸುಮಾರು 221 ಡಿಗ್ರಿ ಬೇಕು. ಆಕ್ಸಲ್ ಕೊಳವೆಯ ಕೀಲನ್ನು ಬೆಳ್ಳಿ ಸೇರಿದ ಬೆಸುಗೆಯಿಂದ ಮೊದಲು ಮುಗಿಸಿಕೊಂಡರೆ, ಪಕ್ಕದ ಆಸರೆಗಳನ್ನು ಸಾಮಾನ್ಯ ಬೆಸುಗೆಯಿಂದ ಹಾಕುವಾಗ ಮೊದಲ ಕೀಲು ಕದಲುವುದಿಲ್ಲ. ಬೆಳ್ಳಿ ಸೇರಿದ ಬೆಸುಗೆ ಬಲದಲ್ಲಿಯೂ ಒಂದು ಕೈ ಮೇಲು.

ಆಮ್ಲದ ಫ್ಲಕ್ಸ್ (ಬೆಸುಗೆ ಹಿಡಿಯಲೆಂದು ಲೋಹಕ್ಕೆ ಹಚ್ಚುವ ದ್ರವ್ಯ) ಬಳಸುವುದಾದರೆ ಮೋಟಾರನ್ನು ಬಿಚ್ಚಿ ಬೇರೆ ಕೋಣೆಯಲ್ಲಿಡಿ, ಕಿಟಕಿ ತೆರೆದಿಡಿ, ಮುಗಿದ ಮೇಲೆ ಚಾಸಿಯನ್ನು ಅಡುಗೆ ಸೋಡಾ ಕರಗಿಸಿದ ನೀರಿನಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ತೊಳೆಯಿರಿ. ಕೊಳವೆಗಳ ಒಳಗಡೆಯನ್ನು ತೊಳೆಯಲು ಮರೆಯಬೇಡಿ. ಮರೆತವರ ಚಾಸಿ ವರ್ಷದೊಳಗೆ ಹಸಿರು ಬಣ್ಣಕ್ಕೆ ತಿರುಗುತ್ತದೆ. ನನ್ನದೊಂದು ಹಾಗೆಯೇ ತಿರುಗಿತು.

ಉತ್ತರ — ಗಾಲಿಗಣಿತ

ತವರದ ಹನಿಯವರು ಕೀಲಿನ ಚಿಕಿತ್ಸೆಯನ್ನು ಹೇಳಿದ್ದಾರೆ, ಅದರಲ್ಲಿ ನನ್ನ ತಕರಾರೇನೂ ಇಲ್ಲ. ಆದರೆ ಕೀಲು ಮುರಿಯುವುದು ರೋಗದ ಲಕ್ಷಣ. ರೋಗ ಇರುವುದು ಮೋಟಾರಿನ ಇನ್ನೊಂದು ತುದಿಯಲ್ಲಿ ಎಂಬುದು ನನ್ನ ಸಂಶಯ. 16ಡಿ ಮೋಟಾರನ್ನು ಸಾಮಾನ್ಯವಾಗಿ ಪಿನಿಯನ್ ಇರುವ ತುದಿಯಲ್ಲಿ ಎರಡು ಸ್ಕ್ರೂಗಳಿಂದ ಬ್ರಾಕೆಟ್ಟಿಗೆ ಬಿಗಿದು ಕೈಬಿಡುತ್ತಾರೆ. ಬ್ರಷ್‌ಗಳಿರುವ ಮುಂದಿನ ತುದಿ ಗಾಳಿಯಲ್ಲಿ ತೂಗುತ್ತಿರುತ್ತದೆ. ಮೋಟಾರು ಉದ್ದುದ್ದವಾಗಿ ಕುಳಿತಿರುವಾಗ ಅದರ ತಿರುಚುಬಲದ ಪ್ರತಿಕ್ರಿಯೆ ಚಾಸಿಯನ್ನು ಪಕ್ಕಕ್ಕೆ ಮಗುಚಲು ನೋಡುತ್ತದೆ. ಮೋಟಾರಿನ ಮೂಗು ಅಲ್ಲಾಡುತ್ತದೆ. ಗೇರುಗಳ ನಡುವಿನ ಸಂದು ಹಿಗ್ಗಿ ಕುಗ್ಗುತ್ತದೆ. ಹಲ್ಲುಗಳು ಹಿಡಿದು ಬಿಟ್ಟು ಹಿಡಿದು ಬಿಟ್ಟು ಮಾಡುತ್ತವೆ. ನಿಮ್ಮ ಕಾರಿನ ಕುಪ್ಪಳಿಕೆಗೂ, ಒಂದೇ ಪಕ್ಕದ ಸವೆತಕ್ಕೂ, ಮುರಿಯುವ ಬೆಸುಗೆಗೂ ಇದೊಂದೇ ಮೂಲವಿರಬಹುದು.

ಪರೀಕ್ಷೆ ಸುಲಭ. ಹಿಂದಿನ ಗಾಲಿಗಳನ್ನು ಒಂದು ಕೈಯಲ್ಲಿ ತಿರುಗದಂತೆ ಹಿಡಿದು, ಇನ್ನೊಂದು ಕೈಯ ಬೆರಳಿನಿಂದ ಮೋಟಾರಿನ ಮುಂದಿನ ತುದಿಯನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಮೆಲ್ಲಗೆ ಒತ್ತಿ. ಹಿಂದೊಂದು ದೀಪವಿಟ್ಟು ಗೇರುಗಳ ನಡುವಿನ ಬೆಳಕಿನ ಗೆರೆಯನ್ನು ನೋಡಿ. ಗೆರೆ ಅಗಲವಾಗಿ ಕಿರಿದಾಗುತ್ತಿದ್ದರೆ ನನ್ನ ಸಂಶಯ ನಿಜ.

ಹಾಗಿದ್ದರೆ ನೀವು ಬಲಪಡಿಸಬೇಕಾದದ್ದು ಮೋಟಾರು, ಬ್ರಾಕೆಟ್ಟು ಮತ್ತು ಹಿಂದಿನ ಆಕ್ಸಲ್ ಸೇರಿದ ಆ ಒಂದು ಪೆಟ್ಟಿಗೆಯನ್ನು ಮಾತ್ರ. ಆ ಮೂರರ ನಡುವಿನ ಅಂತರ ಯಾವ ಕಾರಣಕ್ಕೂ ಬದಲಾಗಬಾರದು. ಬ್ರಾಕೆಟ್ಟಿನ ಎರಡು ಮೇಲ್ಮೂಲೆಗಳಿಂದ ಆಕ್ಸಲ್ ಕೊಳವೆಗಳಿಗೆ ಓರೆಯಾಗಿ ಎರಡು ಆಸರೆಗಳನ್ನು ಕೊಡಿ. ಆಗ ಪಕ್ಕದಿಂದ ನೋಡಿದರೆ ಒಂದು ತ್ರಿಕೋನ ಕಾಣಿಸಬೇಕು. ನಾಲ್ಕು ಮೂಲೆಯ ಚೌಕಟ್ಟು ಮೂಲೆಗಳಲ್ಲಿ ಸೊಟ್ಟಗಾಗಬಲ್ಲದು. ತ್ರಿಕೋನ ಸೊಟ್ಟಗಾಗಬೇಕಾದರೆ ಅದರ ಒಂದು ಬದಿಯೇ ಉದ್ದವಾಗಬೇಕು ಅಥವಾ ಗಿಡ್ಡವಾಗಬೇಕು. ಹಾಗಾಗಿಯೇ 1.2 ಮಿ.ಮೀ. ದಪ್ಪದ ಎರಡು ತಂತಿಗಳು ನಿಮ್ಮ ಇಡೀ ಹಿತ್ತಾಳೆ ತಗಡಿಗಿಂತ ಹೆಚ್ಚಿನ ಕೆಲಸ ಮಾಡುತ್ತವೆ. ಮೋಟಾರಿನ ಮೂಗಿನ ಬಳಿ ಎರಡೂ ಬದಿಯ ಕೊಳವೆಗಳನ್ನು ಸೇರಿಸುವ, ಮೋಟಾರಿನ ಮೈಗೆ ಒತ್ತಿ ಕೂರುವ ಕಮಾನೊಂದು ಬೇಕು.

ಇನ್ನು ಹಿತ್ತಾಳೆಯೋ ಪಿಯಾನೋ ತಂತಿಯೋ ಎಂಬ ಪ್ರಶ್ನೆ. ಬಲ ಬೇರೆ, ಬಿಗುವು ಬೇರೆ. ಒಂದೇ ದಪ್ಪದ ಎರಡು ಸರಳುಗಳಲ್ಲಿ ಉಕ್ಕಿನದು ಹಿತ್ತಾಳೆಯದಕ್ಕಿಂತ ಹೆಚ್ಚುಕಡಿಮೆ ಎರಡು ಪಟ್ಟು ಬಿಗುವಾಗಿರುತ್ತದೆ. ಅಷ್ಟೇ ಅಲ್ಲ, ಪಿಯಾನೋ ತಂತಿ ಬಾಗಿದರೂ ತನ್ನ ಆಕಾರಕ್ಕೆ ಮರಳುತ್ತದೆ, ಹಿತ್ತಾಳೆ ಬಾಗಿದಲ್ಲಿಯೇ ಉಳಿಯುತ್ತದೆ. ಇದಕ್ಕಿಂತ ದೊಡ್ಡ ಪರಿಣಾಮ ದಪ್ಪದ್ದು. ದುಂಡು ಸರಳಿನ ಬಿಗುವು ಅದರ ವ್ಯಾಸದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರುತ್ತದೆಯಾದ್ದರಿಂದ 1.2 ಮಿ.ಮೀ. ತಂತಿಯ ಬದಲು 1.6 ಮಿ.ಮೀ. ತಂತಿ ಹಾಕಿದರೆ ಬಿಗುವು ಮೂರು ಪಟ್ಟು ದಾಟುತ್ತದೆ, ತೂಕ ಮಾತ್ರ ಎರಡು ಪಟ್ಟನ್ನೂ ಮುಟ್ಟುವುದಿಲ್ಲ. ಕೊಳವೆಗಳ ಜಾಣತನ ಇರುವುದೂ ಇದೇ ಲೆಕ್ಕದಲ್ಲಿ: ನಿಮ್ಮ 3/32 ಅಂಗುಲದ ಕೊಳವೆಯ ಗೋಡೆ 0.014 ಅಂಗುಲ ಎಂದಿಟ್ಟುಕೊಂಡರೆ, ಅದೇ ಅಳತೆಯ ತುಂಬಿದ ಸರಳಿನ ಅರ್ಧ ತೂಕದಲ್ಲಿ ಮುಕ್ಕಾಲು ಪಾಲು ಬಿಗುವು ಅದಕ್ಕಿದೆ. ಆ ಕಾಲದ ಕೈಗಾರರು ಕೊಳವೆಯನ್ನು ಆರಿಸಿಕೊಂಡದ್ದು ಸುಮ್ಮನೆ ಅಲ್ಲ.

ಹಾಗಾದರೆ ಹಿತ್ತಾಳೆಗೆ ಕೆಲಸವೇ ಇಲ್ಲವೇ ಎಂದು ಕೇಳಬೇಡಿ. ಹಿತ್ತಾಳೆ ಘನ ಸೆಂಟಿಮೀಟರಿಗೆ ಸುಮಾರು 8.5 ಗ್ರಾಂ ತೂಗುತ್ತದೆ, ಉಕ್ಕು 7.85 ಗ್ರಾಂ. ನೆಲಕ್ಕೆ ಹತ್ತಿರ ತೂಕ ಬೇಕಾದಲ್ಲಿ ಹಿತ್ತಾಳೆ, ಬಿಗುವು ಬೇಕಾದಲ್ಲಿ ತಂತಿ ಎಂಬ ಹಂಚಿಕೆಗೆ ಆಟಗಾರರು ಆ ದಶಕ ಮುಗಿಯುವ ಮೊದಲೇ ಬಂದಿದ್ದರು. ಮೊದಲು ಬರಿಯ ಹಿತ್ತಾಳೆಯ ಚೌಕಟ್ಟು, ಅನಂತರ ಡ್ರಾಪ್ ಆರ್ಮ್, ಅನಂತರ ತಂತಿಯ ಹಳಿಗಳ ಪಕ್ಕದಲ್ಲಿ ತಿರುಗಣಿಯ ಮೇಲೆ ತೂಗುವ ಹಿತ್ತಾಳೆ ಪಟ್ಟಿಗಳು, 1968ರ ಹೊತ್ತಿಗೆ ಮೋಟಾರನ್ನು ಓರೆಯಾಗಿ ಕೂರಿಸುವ ಆ್ಯಂಗಲ್‌ವೈಂಡರ್ ಎಂದು ಚಾಸಿಯ ಸ್ವರೂಪವೇ ಕೆಲವೇ ವರ್ಷಗಳಲ್ಲಿ ಬದಲಾಯಿತು. ಕೊನೆಯದರಲ್ಲಿ ಮೋಟಾರಿನ ಪ್ರತಿಕ್ರಿಯೆ ಚಾಸಿಯನ್ನು ಪಕ್ಕಕ್ಕೆ ಮಗುಚುವುದು ಬಹುಪಾಲು ತಪ್ಪಿತು. ನಿಮ್ಮದು ಅದಕ್ಕೂ ಹಿಂದಿನ ಕಾಲದ್ದಾದ್ದರಿಂದ ಆ ಸೌಲಭ್ಯ ನಿಮಗಿಲ್ಲ.

ಮುಂಭಾಗವನ್ನು ಮುಟ್ಟಬೇಡಿ. ಬ್ರಾಕೆಟ್ಟಿನಿಂದ ಮುಂದಕ್ಕೆ ಆ ಕೊಳವೆಗಳು ಸ್ವಲ್ಪ ತಿರುಚಿಕೊಳ್ಳಲೇಬೇಕು. ನಾಲ್ಕು ಗಾಲಿಗಳೂ ಹಾದಿಯ ಉಬ್ಬುತಗ್ಗಿಗೆ ಹೊಂದಿಕೊಳ್ಳುವುದು ಆ ಸಡಿಲಿನಿಂದಲೇ. ನನ್ನ ಎರಡನೆಯ ಚಾಸಿಯನ್ನು ನಾನು ಮೂಗಿನಿಂದ ಬಾಲದವರೆಗೆ ತ್ರಿಕೋನಗಳಿಂದ ತುಂಬಿಸಿದ್ದೆ. ಬೆಂಚಿನ ಮೇಲೆ ಅದು ಸೇತುವೆಯಂತೆ ಗಟ್ಟಿಯಾಗಿತ್ತು, ಹಾದಿಯ ಮೇಲೆ ಮೂರು ಗಾಲಿಗಳಲ್ಲಿ ಓಡುತ್ತಿತ್ತು. ಕೊನೆಗೆ ಅರ್ಧದಷ್ಟು ತಂತಿಗಳನ್ನು ನಾನೇ ಕತ್ತರಿಸಿದೆ. ಆದುದರಿಂದ ಮೊದಲು ಆ ಹಿತ್ತಾಳೆ ತಗಡನ್ನು ಬಿಚ್ಚಿ ತೆಗೆಯಿರಿ ಎಂಬುದು ನನ್ನ ಸಲಹೆ.

ತಂತಿಯನ್ನು ಕತ್ತರಿಸಲು ಸಾಮಾನ್ಯ ಕಟಿಂಗ್ ಪ್ಲೇಯರ್ ಬಳಸಬೇಡಿ. ಅದರ ಬಾಯಿ ಹಾಳಾಗುತ್ತದೆ, ತುಂಡು ಗುಂಡಿನಂತೆ ಹಾರುತ್ತದೆ. ಉಜ್ಜುಬಿಲ್ಲೆಯಿಂದ ಕೊಯ್ಯಿರಿ, ಕನ್ನಡಕ ಧರಿಸಿಯೇ ಕೊಯ್ಯಿರಿ. ಬಗ್ಗಿಸುವಾಗ ತಂತಿ ಹಿಂದಕ್ಕೆ ಚಿಮ್ಮುತ್ತದೆಯಾದ್ದರಿಂದ ಬೇಕಾದ ಕೋನಕ್ಕಿಂತ ತುಸು ಹೆಚ್ಚು ಬಗ್ಗಿಸಬೇಕು. ಬಗ್ಗಲೆಂದು ಕೆಂಪಗೆ ಕಾಯಿಸಿದಿರೋ, ಅದರ ಚಿಮ್ಮುಗುಣವೇ ಹೋಗಿ ಸಾಧಾರಣ ಕಬ್ಬಿಣದ ತಂತಿಯಂತಾಗುತ್ತದೆ. ಬೆಸುಗೆಯ ಕಾವಿನಿಂದ ಮಾತ್ರ ಅಂಥ ಅಪಾಯವಿಲ್ಲ.

ಉತ್ತರ — ಹಳೆಯ ಪಿನಿಯನ್

ಮೇಲಿನ ಇಬ್ಬರೂ ಈ ಚಾಸಿಯನ್ನು ಓಡುವ ಯಂತ್ರವೆಂದೇ ನೋಡುತ್ತಿದ್ದಾರೆ. ಅದು ಅರವತ್ತು ವರ್ಷ ಹಳೆಯ ಕೈಬರಹವೂ ಹೌದೆಂಬುದನ್ನು ನಾನು ನೆನಪಿಸಬಯಸುತ್ತೇನೆ. ಯಾವ ಕೀಲನ್ನು ಅದನ್ನು ಮಾಡಿದವರು ತಂತಿಯಿಂದ ಸುತ್ತಿದ್ದರು, ಯಾವುದನ್ನು ಬರಿದೆ ಬೆಸೆದಿದ್ದರು, ಎಲ್ಲಿ ಅರದಿಂದ ಉಜ್ಜಿದ್ದರು ಎಂಬುದೆಲ್ಲ ಅದರಲ್ಲಿ ಓದಲು ಸಿಗುತ್ತದೆ, ಒಂದು ಸಲ ಕರಗಿಸಿದರೆ ಅಳಿಸಿಹೋಗುತ್ತದೆ. ಐರನ್ ಕಾಯಿಸುವ ಮೊದಲು ಮೇಲಿನಿಂದ, ಅಡಿಯಿಂದ, ನಾಲ್ಕೂ ಬದಿಗಳಿಂದ ಅಳತೆಪಟ್ಟಿಯನ್ನು ಪಕ್ಕದಲ್ಲಿಟ್ಟು ಚಿತ್ರ ತೆಗೆದುಕೊಳ್ಳಿ. ಗಾಲಿಗಳ ನಡುವಿನ ಅಂತರ, ನೆಲದಿಂದ ಚಾಸಿಯ ಎತ್ತರ, ಡ್ರಾಪ್ ಆರ್ಮ್‌ನ ಉದ್ದ ಇವನ್ನೆಲ್ಲ ಬರೆದಿಟ್ಟುಕೊಳ್ಳಿ.

ಗಾಲಿಗಣಿತದವರು ಹೇಳಿದ ಮೋಟಾರಿನ ಕಮಾನನ್ನು ಬೆಸುಗೆಯಿಲ್ಲದೆಯೂ ಹಾಕಬಹುದು. ತೆಳುವಾದ ಹಿತ್ತಾಳೆ ಪಟ್ಟಿಯನ್ನು ಮೋಟಾರಿನ ಮೈ ಸುತ್ತ ಬಗ್ಗಿಸಿ, ಅದರ ಎರಡು ತುದಿಗಳನ್ನು ಕೊಳವೆಗಳ ಸುತ್ತ ಮಡಚಿ, ಚಿಕ್ಕ ಸ್ಕ್ರೂ ಮತ್ತು ನಟ್ಟಿನಿಂದ ಬಿಗಿದರೆ ನಾಳೆ ಬೇಡವೆನಿಸಿದಾಗ ಬಿಚ್ಚಬಹುದು. ಮೋಟಾರಿನ ಮೈಗೇ ಬೆಸುಗೆ ಹಾಕುವ ಅಭ್ಯಾಸ ಹಲವರಿಗಿದೆ, ನನಗೆ ಅದು ಒಪ್ಪಿಗೆಯಿಲ್ಲ. ಬ್ರಷ್‌ಗಳಿರುವ ಪ್ಲಾಸ್ಟಿಕ್ ತುದಿ ಕಾವಿಗೆ ಸೊಟ್ಟಗಾದರೆ ಆ ಮೋಟಾರಿನ ಆಯಸ್ಸು ಮುಗಿದಂತೆ. ಅಯಸ್ಕಾಂತಗಳಿಗೂ ಕಾವು ಒಳ್ಳೆಯದಲ್ಲ.

ಕೊಳವೆಯ ವಿಷಯದಲ್ಲಿ ಕಣ್ಣಿಗೆ ಕಾಣದ ಆಸರೆಯೊಂದುಂಟು. 3/32 ಅಂಗುಲದ ಆ ಕೊಳವೆಯ ಒಳವ್ಯಾಸ 0.066 ಅಂಗುಲದಷ್ಟಿರುತ್ತದೆ, 1/16 ಅಂಗುಲದ ಪಿಯಾನೋ ತಂತಿ ಅದರೊಳಗೆ ಅಳತೆ ತೆಗೆದು ಮಾಡಿದಂತೆ ಜಾರುತ್ತದೆ. ತುದಿ ತೆರೆದಿದ್ದರೆ ತಂತಿಯನ್ನು ತೂರಿಸಿ ಎರಡು ತುದಿಗಳಲ್ಲಿ ಮಾತ್ರ ಬೆಸುಗೆ ಹಾಕಿ. ಹೊರಗಿನಿಂದ ನೋಡಿದವರಿಗೆ ಏನೂ ಬದಲಾದಂತೆ ತೋರುವುದಿಲ್ಲ.

ಇದನ್ನು ಓದುತ್ತಿರುವ ಬೇರೆಯವರಿಗಾಗಿ ಒಂದು ಎಚ್ಚರಿಕೆ: ಈ ಬೆಸುಗೆಯ ಮಾತೆಲ್ಲ ಹಿತ್ತಾಳೆ ಮತ್ತು ಉಕ್ಕಿಗೆ ಮಾತ್ರ. ಆ ಕಾಲದ ಕಾಕ್ಸ್ ಕಂಪನಿಯ ಕೆಲವು ಚಾಸಿಗಳು ಮೆಗ್ನೀಸಿಯಂ ಎರಕದವು, ಇನ್ನು ಹಲವು ತಯಾರಕರವು ಅಲ್ಯೂಮಿನಿಯಂನವು. ಇವುಗಳಿಗೆ ಸಾಮಾನ್ಯ ಬೆಸುಗೆ ಅಂಟುವುದೇ ಇಲ್ಲ. ಮೆಗ್ನೀಸಿಯಂನ ಮೇಲೆ ಬೆಂಕಿಯ ಜ್ವಾಲೆಯನ್ನು ಹಾಯಿಸಬೇಡಿ, ಅದರ ಉಜ್ಜಿದ ಪುಡಿಯ ಹತ್ತಿರ ಕಿಡಿ ಸುಳಿಯಲೂಬಾರದು. ಬಿರುಕು ಬಿಟ್ಟ ಅಂಥ ಚಾಸಿಗೆ ಅಡಿಯಲ್ಲಿ ತಗಡಿನ ತುಂಡಿಟ್ಟು ಎಪಾಕ್ಸಿ ಅಂಟು ಮತ್ತು ಸ್ಕ್ರೂಗಳಿಂದ ಹಿಡಿಸುವುದೇ ದಾರಿ. ಹಾಗೆಯೇ, ಪಿಟ್‌ಮನ್ ಮೋಟಾರುಳ್ಳ ಕಾರನ್ನು ಬಿಚ್ಚುವವರು ಆರ್ಮೇಚರನ್ನು (ಮೋಟಾರಿನೊಳಗೆ ತಿರುಗುವ ಭಾಗವನ್ನು) ಹೊರಗೆಳೆಯಬಾರದು. ಅವುಗಳ ಆಲ್ನಿಕೋ ಅಯಸ್ಕಾಂತವು ನಡುವಿನ ಕಬ್ಬಿಣವನ್ನು ಕಳೆದುಕೊಂಡೊಡನೆ ತನ್ನ ಶಕ್ತಿಯಲ್ಲಿ ಒಂದು ಪಾಲನ್ನು ಕಳೆದುಕೊಳ್ಳುತ್ತದೆ, ಆರ್ಮೇಚರನ್ನು ಮತ್ತೆ ಒಳಗಿಟ್ಟರೂ ಅದು ಮರಳುವುದಿಲ್ಲ.

ಉತ್ತರ — ಗಾಲಿಗಣಿತ

ಹಳೆಯ ಪಿನಿಯನ್ ಅವರೇ, ಬಿಚ್ಚಬಹುದಾದ ಕಮಾನಿನ ಸಲಹೆಗೆ ನಾನು ಸೋತೆ. ಅದು ನನ್ನದಕ್ಕಿಂತ ಉತ್ತಮ. ಆದರೆ ಕೊಳವೆಯೊಳಗಿನ ತಂತಿಯ ಲೆಕ್ಕವನ್ನು ಒಮ್ಮೆ ಹಾಕಿ ನೋಡಿದೆ. ಬಿಗುವು ಹೆಚ್ಚುವುದು ಸುಮಾರು ಅರ್ಧದಷ್ಟು, ಕೊಳವೆಯ ತೂಕ ಹೆಚ್ಚುವುದು ಸುಮಾರು ಶೇಕಡಾ 80ರಷ್ಟು. ತಂತಿ ಕೊಳವೆಯ ನಡುಮಧ್ಯದಲ್ಲಿ ಕುಳಿತಿರುತ್ತದೆ, ಬಾಗುವಿಕೆಯನ್ನು ತಡೆಯುವುದು ಅಂಚಿನಲ್ಲಿರುವ ಲೋಹ. ಕೊಳವೆ ಎಲ್ಲಿಯಾದರೂ ಸೀಳಿದ್ದರೆ ಒಳಗೊಂದು ಗಿಡ್ಡ ತುಂಡನ್ನು ಮೂಳೆಗೆ ಪಟ್ಟಿ ಕಟ್ಟಿದಂತೆ ಇಡುವುದು ಸರಿ. ಸೀಳದ ಕೊಳವೆಗೆ ಉದ್ದಕ್ಕೂ ತುಂಬಿಸುವುದು ದುಬಾರಿ ವ್ಯಾಪಾರ. ಅದಲ್ಲದೆ ಬಿಗುವಾಗಬಾರದೆಂದು ನಾನು ಹೇಳಿದ ಮುಂಭಾಗವೂ ಅದರಿಂದ ಬಿಗುವಾಗುತ್ತದೆ.

ಉತ್ತರ — ಹಳೆಯ ಪಿನಿಯನ್

ಲೆಕ್ಕವನ್ನು ಒಪ್ಪುತ್ತೇನೆ. ಸೀಳಿದ ಕೊಳವೆಗೆ ಮಾತ್ರ ಎಂದು ತಿದ್ದಿಕೊಳ್ಳಿ.

ಉತ್ತರ — ನಾಲ್ಕನೇ ತಿರುವು

ಎಲ್ಲರಿಗೂ ಕೃತಜ್ಞತೆಗಳು. ಎರಡು ವಾರಗಳ ಬಿಡುವಿನ ಹೊತ್ತನ್ನೆಲ್ಲ ಇದಕ್ಕೇ ಕೊಟ್ಟೆ. ಆದದ್ದನ್ನು ಕ್ರಮವಾಗಿ ತಿಳಿಸುತ್ತೇನೆ.

ದೀಪದ ಪರೀಕ್ಷೆ ಮಾಡಿದೆ. ಮೋಟಾರಿನ ಮೂಗನ್ನು ಒತ್ತಿದಾಗ ಗೇರುಗಳ ನಡುವಿನ ಬೆಳಕು ಕಣ್ಣು ಮಿಟುಕಿಸಿದಂತೆ ಕಂಡಿತು. ಕ್ರೌನ್ ಗೇರು ಪಿನಿಯನ್ನಿನ ಬಲಕ್ಕೇ ಇದೆ. ಹೀಗೆ ಎರಡು ಊಹೆಗಳೂ ಸರಿಯಾಗಿದ್ದವು. ಚಿತ್ರಗಳನ್ನು ತೆಗೆದುಕೊಂಡ ಮೇಲೆ ನಾನು ಬೆಸೆದಿದ್ದ ತಗಡನ್ನು ಬಿಚ್ಚಿದೆ. ಅದನ್ನು ತೆಗೆಯುವಾಗ ಒಂದು ಸಂಗತಿ ಗೊತ್ತಾಯಿತು: ಅರ್ಧಕ್ಕಿಂತ ಹೆಚ್ಚು ಜಾಗದಲ್ಲಿ ಬೆಸುಗೆ ಕೊಳವೆಗೆ ಹಿಡಿದೇ ಇರಲಿಲ್ಲ, ಮೇಲೆ ಕುಳಿತಿತ್ತಷ್ಟೇ. ನನ್ನ ಐರನ್ 30 ವ್ಯಾಟಿನದು. 80 ವ್ಯಾಟಿನದನ್ನು ಎರವಲು ತಂದು ಕೆಲಸ ಮುಂದುವರಿಸಿದೆ.

ಆದರೆ ಬಲಬದಿಯ ಆಕ್ಸಲ್ ಕೊಳವೆಯನ್ನು ಪೂರ್ತಿಯಾಗಿ ಬಿಡಿಸಿದ ಮೇಲೆ ಹೊಸ ತೊಡಕು ಎದುರಾಗಿದೆ. ತಾಮ್ರದ ತಂತಿ ಸುತ್ತಿ ಬೆಸೆದರೆ ಅದು ಎಡಗಡೆಯ ಕೊಳವೆಯೊಂದಿಗೆ ಒಂದೇ ನೇರದಲ್ಲಿ ನಿಲ್ಲುತ್ತಿಲ್ಲ. ಆಕ್ಸಲ್ ತೂರಿಸಿದರೆ ಬಿಗಿದು ನಿಲ್ಲುತ್ತದೆ. ಆಕ್ಸಲನ್ನು ಒಳಗಿಟ್ಟೇ ಬೆಸೆದಾಗ ಬೆಸುಗೆ ಒಳಗೆ ಹರಿದು ಆಕ್ಸಲನ್ನೇ ಹಿಡಿದುಕೊಂಡಿತು. ಇದಕ್ಕೇನು ಮಾಡಬೇಕು?

ಉತ್ತರ — ಅಚ್ಚುಗೂಡು

ಇದು ಎಲ್ಲರಿಗೂ ಒಮ್ಮೆಯಾದರೂ ಆಗುವಂಥದ್ದು. ಎರಡು ತುಂಡುಗಳನ್ನು ಬೇರೆ ಬೇರೆಯಾಗಿ ಕೂರಿಸಿ ನೇರ ಮಾಡುವ ಸಾಹಸವನ್ನೇ ಬಿಡಿ. 5/32 ಅಂಗುಲದ ಹೊಸ ಕೊಳವೆಯನ್ನು ಚಾಸಿಯ ಪೂರ್ತಿ ಅಗಲಕ್ಕೆ ಒಂದೇ ತುಂಡಾಗಿ ಕತ್ತರಿಸಿ, ಎರಡೂ ಬದಿಗಳಲ್ಲಿ ಸುತ್ತಿ ಬೆಸೆಯಿರಿ. ಎಲ್ಲವೂ ಆರಿದ ಮೇಲೆ ಗೇರು ಕೂರುವ ನಡುಭಾಗವನ್ನು ಉಜ್ಜುಬಿಲ್ಲೆಯಿಂದ ಕೊಯ್ದು ತೆಗೆಯಿರಿ. ಒಂದೇ ಕೊಳವೆಯಿಂದ ಬಂದ ಎರಡು ತುದಿಗಳು ಒಂದೇ ನೇರದಲ್ಲಿ ಉಳಿಯುತ್ತವೆ. ಕೊಯ್ದ ಅಂಚುಗಳನ್ನು ಸಣ್ಣ ದುಂಡು ಅರದಿಂದ ಒಳಗೂ ಹೊರಗೂ ಸವರಬೇಕು, ಇಲ್ಲದಿದ್ದರೆ ಸಿಬಿರು ಆಕ್ಸಲನ್ನು ಕೆರೆಯುತ್ತದೆ. ಹೀಗೆ ಮಾಡಿದರೆ ಎಡಗಡೆಯ ಮೂಲ ತುಂಡನ್ನೂ ತೆಗೆಯಬೇಕಾಗುತ್ತದೆ ಎಂಬುದು ನಿಜ. ಅವನ್ನು ಒಂದು ಡಬ್ಬಿಯಲ್ಲಿ ಹೆಸರು ಬರೆದು ಇಟ್ಟುಕೊಳ್ಳಿ.

ಮೂಲ ತುಂಡುಗಳನ್ನೇ ಉಳಿಸಿಕೊಳ್ಳುವ ಹಟವಿದ್ದರೆ, ಬೆಸೆಯುವಾಗ ನಿಮ್ಮ ಒಳ್ಳೆಯ ಆಕ್ಸಲನ್ನು ಬಳಸದೆ 1/8 ಅಂಗುಲದ ನೇರವಾದ ಅಲ್ಯೂಮಿನಿಯಂ ಸರಳನ್ನು ತೂರಿಸಿ. ಅದಕ್ಕೆ ಬೆಸುಗೆ ಹಿಡಿಯುವುದಿಲ್ಲ. ಉಕ್ಕಿನ ಆಕ್ಸಲ್ಲೇ ಗತಿಯೆಂದಾದರೆ ಅದನ್ನು ಮೇಣದಬತ್ತಿಯ ಹೊಗೆಗೆ ಹಿಡಿದು ಮಸಿ ಬಳಿಯಿರಿ. ಬೆಸುಗೆ ಹರಿಯಬಾರದ ಯಾವುದೇ ಜಾಗಕ್ಕೆ ಮೆತ್ತನೆಯ ಪೆನ್ಸಿಲಿನ ಗೀಟು ಎಳೆದರೂ ಅದು ಅಲ್ಲಿಗೆ ನಿಲ್ಲುತ್ತದೆ.

ಬೆಸೆಯುವ ಹಲಗೆಯ ಬಗ್ಗೆಯೂ ಒಂದು ಮಾತು. ಚಾಸಿಯನ್ನು ಕೈಯಲ್ಲಿ ಹಿಡಿದು ಬೆಸೆಯಬಾರದು. ಸಮತಟ್ಟಾದ ಗಟ್ಟಿಮರದ ಹಲಗೆಯ ಮೇಲೆ ನಡುಗೆರೆ ಎಳೆದು, ಎರಡೂ ಆಕ್ಸಲ್‌ಗಳ ಗೆರೆಗಳನ್ನು ಅದಕ್ಕೆ ಲಂಬವಾಗಿ ಎಳೆದು, ಕೊಳವೆಗಳ ಎರಡೂ ಪಕ್ಕಕ್ಕೆ ಸಣ್ಣ ಮೊಳೆಗಳನ್ನು ಹೊಡೆದು ಚಾಸಿಯನ್ನು ಅವುಗಳ ನಡುವೆ ಕೂರಿಸಬೇಕು. ಮರ ಕಾವನ್ನು ಕುಡಿಯುವುದಿಲ್ಲವಾದ್ದರಿಂದ ಐರನ್ನಿನ ಕಾವೆಲ್ಲ ಕೀಲಿಗೇ ಸಿಗುತ್ತದೆ. ಸ್ವಲ್ಪ ಸುಟ್ಟು ಕಪ್ಪಾಗುತ್ತದೆ, ಆಗಲಿ ಬಿಡಿ. ಲೋಹ ಕಾದಾಗ ಹಿಗ್ಗುತ್ತದೆ, ಆರುವಾಗ ಕುಗ್ಗಿ ಎಳೆಯುತ್ತದೆ. ಆದ್ದರಿಂದ ಒಂದು ಬದಿಯನ್ನು ಪೂರ್ತಿ ಮುಗಿಸಿ ಇನ್ನೊಂದಕ್ಕೆ ಹೋಗದೆ, ಎಡಕ್ಕೊಂದು ಬಲಕ್ಕೊಂದು ಕೀಲು ಎಂದು ಬದಲಾಯಿಸುತ್ತ, ನಡುನಡುವೆ ಆರಲು ಬಿಡುತ್ತ ಸಾಗಿ.

ಮುಗಿದ ಮೇಲೆ ಚಾಸಿಯನ್ನು ದಪ್ಪ ಗಾಜಿನ ಮೇಲಿಟ್ಟು ನಾಲ್ಕು ಮೂಲೆಗಳ ಅಡಿಗೆ ತೆಳು ಕಾಗದದ ಚೂರುಗಳನ್ನು ತೂರಿಸಿ ಎಳೆದು ನೋಡಿ. ಒಂದು ಮೂಲೆಯ ಕಾಗದ ಮಾತ್ರ ಸಲೀಸಾಗಿ ಬಂದರೆ ಚಾಸಿ ತಿರುಚಿಕೊಂಡಿದೆ. ಕೈಯಿಂದ ಹಿಂಡಿ ನೇರ ಮಾಡಬೇಡಿ, ಆ ಬಿಗಿ ಬೆಸುಗೆಯೊಳಗೇ ಉಳಿದು ಮುಂದೊಂದು ದಿನ ಬಿರುಕಾಗುತ್ತದೆ. ಆ ಮೂಲೆಯ ಕೀಲನ್ನು ಮತ್ತೆ ಕಾಯಿಸಿ, ಲೋಹ ತನ್ನ ಜಾಗ ಹಿಡಿಯಲು ಬಿಡಿ.

ಉತ್ತರ — ನಾಲ್ಕನೇ ತಿರುವು

ಅಲ್ಯೂಮಿನಿಯಂ ಸರಳು ಕೆಲಸ ಮಾಡಿತು. ಮೂಲ ತುಂಡುಗಳೇ ಉಳಿದುಕೊಂಡವು. ಬಲಗಡೆ ಆರು ಸುತ್ತು ತಾಮ್ರದ ತಂತಿ, ಬೆಳ್ಳಿ ಸೇರಿದ ಬೆಸುಗೆ. ಎಡಗಡೆಯ ಹಳೆಯ ಕೀಲನ್ನು ಮುಟ್ಟಲಿಲ್ಲ. ಬ್ರಾಕೆಟ್ಟಿನಿಂದ ಆಕ್ಸಲ್ ಕೊಳವೆಗಳಿಗೆ 1.2 ಮಿ.ಮೀ. ಪಿಯಾನೋ ತಂತಿಯ ಎರಡು ಓರೆ ಆಸರೆಗಳು, ಮೋಟಾರಿನ ಮೂಗಿಗೆ ಸ್ಕ್ರೂ ಬಿಗಿದ ಹಿತ್ತಾಳೆ ಕಮಾನು. ದೀಪದ ಗೆರೆ ಈಗ ಮಿಸುಕುವುದಿಲ್ಲ. ಐದು ದಿನ ಓಡಿಸಿದ್ದೇನೆ, ಭೂತಕನ್ನಡಿಯಲ್ಲಿ ನೋಡಿದರೂ ಬಿರುಕು ಕಾಣುತ್ತಿಲ್ಲ. ಗೇರಿನ ಸದ್ದು ಕೂಡ ಕರಕರ ಹೋಗಿ ಒಂದೇ ಶ್ರುತಿಗೆ ಬಂದಿದೆ.

ಕುಪ್ಪಳಿಸುವುದು ಬಹಳ ಕಡಿಮೆಯಾಗಿದೆ, ಆದರೆ ಪೂರ್ತಿ ಹೋಗಿಲ್ಲ. ಅತಿ ವೇಗದ ತಿರುವಿನಲ್ಲಿ ಸಣ್ಣಗೆ ನಡುಗುತ್ತದೆ. ಜೊತೆಗೆ, ವೇಗ ಹೆಚ್ಚಿಸಿದಾಗ ಒಮ್ಮೊಮ್ಮೆ ಗೈಡ್ ಸೀಳಿನಿಂದ ಮೇಲೆದ್ದು ಕಾರು ಹಾದಿ ಬಿಡುತ್ತದೆ. ತಗಡು ಇದ್ದಾಗ ಹೀಗಾಗುತ್ತಿರಲಿಲ್ಲ. ತಗಡನ್ನು ಮತ್ತೆ ಹಾಕಲೇ?

ಉತ್ತರ — ಗಾಲಿಗಣಿತ

ಬೇಡ. ತಗಡಿನಿಂದ ನಿಮಗೆ ಸಿಗುತ್ತಿದ್ದದ್ದು ಮುಂಭಾಗದ ತೂಕ ಮಾತ್ರ. ಅದನ್ನು ಇಡೀ ಚಾಸಿಗೆ ಹೊರಿಸದೆ, ಡ್ರಾಪ್ ಆರ್ಮ್‌ನ ಮೇಲೆ ಗೈಡಿನ ಹಿಂದೆ ಸಣ್ಣದೊಂದು ಹಿತ್ತಾಳೆ ಅಥವಾ ಸೀಸದ ತುಂಡಾಗಿ ಇಡಿ. ಮೊದಲು ಅಂಟುಪಟ್ಟಿಯಿಂದ ಅಂಟಿಸಿ ಓಡಿಸಿ ನೋಡಿ, ತೂಕ ಸರಿಯೆನಿಸಿದ ಮೇಲೆ ಬೆಸೆಯಿರಿ. ಅದಕ್ಕೂ ಮುನ್ನ ಡ್ರಾಪ್ ಆರ್ಮ್ ತಿರುಗಣಿಯಲ್ಲಿ ಸಲೀಸಾಗಿ ಕೆಳಗಿಳಿಯುತ್ತದೆಯೇ ಎಂದು ಪರೀಕ್ಷಿಸಿ. ಕಾರನ್ನು ಎತ್ತಿ ಹಿಡಿದಾಗ ಅದು ತನ್ನ ತೂಕಕ್ಕೇ ಒಂದೆರಡು ಮಿಲಿಮೀಟರ್ ಇಳಿದು ತಡೆಗೆ ತಾಗಿ ನಿಲ್ಲಬೇಕು. ವಿದ್ಯುತ್ ತಂತಿಗಳು ಗಡುಸಾಗಿದ್ದರೆ ಅವೇ ಅದನ್ನು ಮೇಲಕ್ಕೆ ಎತ್ತಿ ಹಿಡಿದಿರುತ್ತವೆ. ಬಹಳ ಎಳೆಗಳಿರುವ ಮೆತ್ತನೆಯ ತಂತಿಗೆ ಬದಲಾಯಿಸಿ, ತಿರುಗಣಿಯ ಬಳಿ ಸ್ವಲ್ಪ ಸಡಿಲು ಬಿಟ್ಟು ಬಳಸಿ. ಚಾಸಿ ದುರಸ್ತಿ ಮಾಡಿದವರು ತಮ್ಮದೇ ಬೆಸುಗೆಯನ್ನು ಅನುಮಾನಿಸುತ್ತ, ಈ ಎರಡು ತಂತಿಗಳನ್ನು ನೋಡುವುದೇ ಇಲ್ಲ.

ಉಳಿದ ನಡುಕ ಟಯರಿನದ್ದಿರಬೇಕು. ಹಳೆಯ ರಬ್ಬರ್ ಒಂದು ಕಡೆ ಗಟ್ಟಿಯಾಗಿ, ಇನ್ನೊಂದು ಕಡೆ ಮೆತ್ತಗೆ ಉಳಿದಿರುತ್ತದೆ, ಎಷ್ಟೋ ಸಲ ದುಂಡಗೂ ಇರುವುದಿಲ್ಲ. ಗಾಜಿನ ಮೇಲೆ ಉಪ್ಪುಕಾಗದವನ್ನು ಅಂಟಿಸಿ, ಗಾಲಿಗಳನ್ನು ಆಕ್ಸಲ್ ಸಮೇತ ಮೋಟಾರಿನಿಂದಲೇ ನಿಧಾನವಾಗಿ ತಿರುಗಿಸುತ್ತ ಅದಕ್ಕೆ ಹಗುರಾಗಿ ತಾಗಿಸಿ. ಟಯರಿನ ಮೈ ಪೂರ್ತಿ ಒಂದೇ ಬಗೆಯ ಮಂಕು ಬಣ್ಣಕ್ಕೆ ಬರುವವರೆಗೆ ಉಜ್ಜಬೇಕು. ಟಯರು ಉಜ್ಜುವಾಗ ಮುಂಭಾಗದಲ್ಲಿ ಗೈಡಿನ ಅಡಿಗೆ ಸರಿಯಾದ ಎತ್ತರದ ತುಂಡೊಂದನ್ನು ಇಡದಿದ್ದರೆ ಟಯರು ಓರೆಯಾಗಿ ಸವೆಯುತ್ತದೆ.

ಉತ್ತರ — ತವರದ ಹನಿ

ಸಣ್ಣದೊಂದು ಸೇರ್ಪಡೆ. ಆ ಓರೆ ತಂತಿಗಳು ಉಕ್ಕಿನವು, ಆಮ್ಲದ ಫ್ಲಕ್ಸ್ ಬಳಸಿದ್ದರೆ ಹಿತ್ತಾಳೆ ಹಸಿರಾಗುವ ಮೊದಲೇ ಅವು ತುಕ್ಕು ಹಿಡಿಯುತ್ತವೆ. ಸೋಡಾ ನೀರಿನಲ್ಲಿ ತೊಳೆದು, ಬಿಸಿ ಗಾಳಿಯಲ್ಲಿ ಚೆನ್ನಾಗಿ ಒಣಗಿಸಿ, ತೆಳುವಾದ ಎಣ್ಣೆ ಬಟ್ಟೆಯಿಂದ ಒಮ್ಮೆ ಒರೆಸಿ. ಎಣ್ಣೆ ಟಯರಿಗೆ ತಾಗದಿರಲಿ.

ಉತ್ತರ — ನಾಲ್ಕನೇ ತಿರುವು

ತೊಳೆದಿದ್ದೆ, ಎಣ್ಣೆ ಸವರಿರಲಿಲ್ಲ, ಇಂದು ಸವರಿದೆ. ವಿದ್ಯುತ್ ತಂತಿಗಳೇ ಡ್ರಾಪ್ ಆರ್ಮನ್ನು ಎತ್ತಿ ಹಿಡಿದಿದ್ದವು. ಮೆತ್ತನೆಯ ತಂತಿ ಹಾಕಿದ ಮೇಲೆ ತೂಕದ ತುಂಡಿನ ಅಗತ್ಯವೇ ಬೀಳಲಿಲ್ಲ. ಟಯರು ಉಜ್ಜುವ ಕೆಲಸ ಬಾಕಿ ಇದೆ.